ಸಾಲಗಾರನ ಬಲ: ಸೂಸನ್ ಸ್ಟ್ರೇಂಜ್ ಮತ್ತು ಅಂತರರಾಷ್ಟ್ರೀಯ ಹಣದ ರಾಜಕಾರಣ

ಅಧ್ಯಕ್ಷರೆ, ಸಹೋದ್ಯೋಗಿ ಮಿತ್ರರೆ, ವಿದ್ಯಾರ್ಥಿಗಳೆ,

ಹಣ ಮತ್ತು ಹಣಕಾಸಿನ ಪ್ರಶ್ನೆಗಳನ್ನು ಅಂತರರಾಷ್ಟ್ರೀಯ ರಾಜಕಾರಣದ ಅಧ್ಯಯನದ ಕೇಂದ್ರಕ್ಕೆ ತಂದವರಲ್ಲಿ ಪ್ರಮುಖರಾದ ಬ್ರಿಟಿಷ್ ವಿದ್ವಾಂಸೆ ಸೂಸನ್ ಸ್ಟ್ರೇಂಜ್ ಅವರ ಕೆಲಸವನ್ನು ಕುರಿತು ಇಂದು ಮಾತನಾಡುತ್ತೇನೆ. 1923ರಲ್ಲಿ ಹುಟ್ಟಿ 1998ರಲ್ಲಿ ತೀರಿಕೊಂಡ ಅವರ ಹೆಸರು ನಮ್ಮ ತರಗತಿಗಳಲ್ಲಿ ಕೇಳಿಬರಬೇಕಾದಷ್ಟು ಕೇಳಿಬರುತ್ತಿಲ್ಲ ಎಂಬುದು ನನ್ನ ಅಭಿಪ್ರಾಯ. ಅವರು ಪೌಂಡಿನ ಬಗ್ಗೆ, ಡಾಲರಿನ ಬಗ್ಗೆ ಲಂಡನ್ನಿನಲ್ಲಿ ಕುಳಿತು ಬರೆದದ್ದನ್ನು ಭಾರತದ ಲೆಕ್ಕದ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ, ಅವರ ವಾದ ಅವರೇ ಹೇಳಿದ್ದಕ್ಕಿಂತಲೂ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ. ಅದನ್ನು ತೋರಿಸುವುದೇ ಈ ಉಪನ್ಯಾಸದ ಉದ್ದೇಶ.

ಸ್ಟ್ರೇಂಜ್ ಅಧ್ಯಾಪಕಿಯಾಗಬೇಕೆಂದು ಹೊರಟವರಲ್ಲ. ತಮ್ಮ ಬದುಕಿನ ಬಗ್ಗೆ ಬರೆದ ಪ್ರಬಂಧಕ್ಕೆ ಅವರು ಇಟ್ಟ ಶೀರ್ಷಿಕೆಯೇ ಅದನ್ನು ಹೇಳುತ್ತದೆ. ಯುದ್ಧಕಾಲದಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಿಂದ ಅರ್ಥಶಾಸ್ತ್ರದ ಪದವಿ ಪಡೆದು ಅವರು ನೇರವಾಗಿ ಪತ್ರಿಕೋದ್ಯಮಕ್ಕೆ ಹೋದರು. ಮೊದಲು ‘ದಿ ಎಕನಾಮಿಸ್ಟ್’, ಆಮೇಲೆ ‘ದಿ ಅಬ್ಸರ್ವರ್’. ಇಪ್ಪತ್ತರ ಹರೆಯದಲ್ಲಿಯೇ ಅವರು ವಾಷಿಂಗ್ಟನ್ನಿನಲ್ಲಿ ಶ್ವೇತಭವನದ ವರದಿಗಾರ್ತಿಯಾಗಿದ್ದರು. ಯುದ್ಧದ ನಂತರದ ಜಗತ್ತಿಗೆ ಸಾಲ, ನೆರವು ಮತ್ತು ಅವುಗಳ ಜೊತೆಗಿನ ಷರತ್ತುಗಳು ತಯಾರಾಗುತ್ತಿದ್ದ ಕಾಲದಲ್ಲಿ ಅವರು ಇದ್ದದ್ದು ಅವು ತಯಾರಾಗುತ್ತಿದ್ದ ಊರಿನಲ್ಲಿಯೇ. 1949ರಿಂದ 1964ರವರೆಗೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪಾಠ ಹೇಳಿದರು, ಆರು ಮಕ್ಕಳನ್ನು ಬೆಳೆಸಿದರು. ಪಿಎಚ್.ಡಿ. ಮಾಡಲಿಲ್ಲ. ಅವರ ನಿಜವಾದ ಸಂಶೋಧನೆ ಆರಂಭವಾದದ್ದು 1965ರಲ್ಲಿ, ಚಾಟಮ್ ಹೌಸ್ ಎಂದು ಹೆಸರಾದ ಲಂಡನ್ನಿನ ಅಂತರರಾಷ್ಟ್ರೀಯ ವ್ಯವಹಾರಗಳ ಸಂಸ್ಥೆಯನ್ನು ಸೇರಿದ ಮೇಲೆ. ಆಗ ಅವರಿಗೆ ನಲವತ್ತು ದಾಟಿತ್ತು.

1970ರಲ್ಲಿ ಅವರು ಬರೆದ ಒಂದು ಲೇಖನದಿಂದ ಬ್ರಿಟನ್ನಿನಲ್ಲಿ ಅಂತರರಾಷ್ಟ್ರೀಯ ರಾಜಕೀಯ ಅರ್ಥಶಾಸ್ತ್ರವೆಂಬ ಈ ಅಧ್ಯಯನ ಶಾಖೆಯ ಕಥೆಯನ್ನು ಶುರುಮಾಡುವುದು ವಾಡಿಕೆ. ಅಂತರರಾಷ್ಟ್ರೀಯ ಅರ್ಥಶಾಸ್ತ್ರವನ್ನು ಓದುವವರು ರಾಜಕಾರಣವನ್ನು ನೋಡುವುದಿಲ್ಲ, ಅಂತರರಾಷ್ಟ್ರೀಯ ಸಂಬಂಧಗಳನ್ನು ಓದುವವರು ಅರ್ಥವ್ಯವಸ್ಥೆಯನ್ನು ನೋಡುವುದಿಲ್ಲ, ಈ ಪರಸ್ಪರ ನಿರ್ಲಕ್ಷ್ಯದಿಂದ ಇಬ್ಬರಿಗೂ ನಷ್ಟ ಎಂಬುದು ಅದರ ಸಾರ. ಇಂದು ಇದು ಎಲ್ಲರೂ ಒಪ್ಪುವ ಮಾತಿನಂತೆ ಕೇಳಿಸಬಹುದು. ಆದರೆ ಆ ಹೊತ್ತಿನಲ್ಲಿ ಕ್ಷಿಪಣಿಗಳ ಬಗ್ಗೆ, ಒಪ್ಪಂದಗಳ ಬಗ್ಗೆ ಬರೆಯುವುದು ರಾಜಕಾರಣದ ಅಧ್ಯಯನವಾಗಿತ್ತು. ವಿನಿಮಯ ದರದ ಬಗ್ಗೆ ಬರೆಯುವುದು ತಾಂತ್ರಿಕ ವಿಷಯವೆನಿಸಿಕೊಂಡು ತಜ್ಞರಿಗೆ ಬಿಟ್ಟುಕೊಟ್ಟ ಕೆಲಸವಾಗಿತ್ತು.

ಆ ವಿಭಜನೆ ಎಷ್ಟು ತಪ್ಪು ಎನ್ನುವುದಕ್ಕೆ 1956ರ ಸೂಯೆಜ್ ಪ್ರಕರಣವೊಂದೇ ಸಾಕು. ಬ್ರಿಟನ್ ಮತ್ತು ಫ್ರಾನ್ಸ್ ಈಜಿಪ್ಟಿನ ಮೇಲೆ ಸೈನ್ಯ ಇಳಿಸಿದಾಗ ಪೌಂಡಿನ ಮೇಲೆ ಮಾರುಕಟ್ಟೆಯ ನಂಬಿಕೆ ಕುಸಿಯತೊಡಗಿತು. ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ ಹಣ ಬೇಕೆಂದರೆ ಅಮೆರಿಕದ ಸಮ್ಮತಿ ಬೇಕಿತ್ತು. ಸೇನೆ ಹಿಂದೆ ಸರಿಯದೆ ಸಮ್ಮತಿ ಇಲ್ಲ ಎಂದು ಅಮೆರಿಕ ಹೇಳಿತು. ಸೇನೆಯನ್ನು ಹಿಂತೆಗೆದುಕೊಳ್ಳುವುದಾಗಿ ಬ್ರಿಟನ್ ಘೋಷಿಸಿದ ನಂತರ, ಆ ಡಿಸೆಂಬರಿನಲ್ಲಿ, ನಿಧಿಯಿಂದ ಸುಮಾರು 56 ಕೋಟಿ ಡಾಲರ್ ಬಿಡುಗಡೆಯಾಯಿತು. ಒಂದು ಸಾಮ್ರಾಜ್ಯದ ಕೊನೆಯ ದೊಡ್ಡ ಸೈನಿಕ ಸಾಹಸವನ್ನು ನಿಲ್ಲಿಸಿದ್ದರಲ್ಲಿ ವಿದೇಶಿ ವಿನಿಮಯದ ಲೆಕ್ಕಕ್ಕೆ ಇಷ್ಟು ದೊಡ್ಡ ಪಾತ್ರವಿತ್ತು.

1971ರಲ್ಲಿ ಪ್ರಕಟವಾದ ಪೌಂಡ್ ಸ್ಟರ್ಲಿಂಗ್ ಕುರಿತ ಅವರ ಪುಸ್ತಕವನ್ನು ನಾನು ಅವರ ಉಳಿದೆಲ್ಲ ಪುಸ್ತಕಗಳಿಗಿಂತ ಮೇಲಿಡುತ್ತೇನೆ. ಹೆಚ್ಚು ಓದುಗರನ್ನು ತಂದುಕೊಟ್ಟದ್ದು 1986ರ ‘ಕ್ಯಾಸಿನೊ ಕ್ಯಾಪಿಟಲಿಸಂ’, ತರಗತಿಗಳಲ್ಲಿ ನಿಂತದ್ದು 1988ರ ‘ಸ್ಟೇಟ್ಸ್ ಅಂಡ್ ಮಾರ್ಕೆಟ್ಸ್’. ಆದರೆ ಹಣದ ರಾಜಕಾರಣವನ್ನು ವಿಂಗಡಿಸಿ ನೋಡುವ ಸಾಧನ ಸಿಗುವುದು 1971ರ ಪುಸ್ತಕದಲ್ಲಿಯೇ. ಗಡಿಯಾಚೆ ಚಲಾವಣೆಯಾಗುವ ಕರೆನ್ಸಿಗಳೆಲ್ಲ ಒಂದೇ ಬಗೆಯವಲ್ಲ ಎಂದು ಅವರು ತೋರಿಸಿದರು. ಆರ್ಥಿಕ ಮುಂಚೂಣಿಯ ಕಾರಣದಿಂದ ಜಗತ್ತು ತಾನಾಗಿಯೇ ಆರಿಸಿಕೊಳ್ಳುವ ಅಗ್ರ ಕರೆನ್ಸಿ ಒಂದು. ಆಳುವ ದೇಶ ಆಳಿಸಿಕೊಳ್ಳುವ ದೇಶಗಳ ಮೇಲೆ ಹೇರುವ ಒಡೆಯ ಕರೆನ್ಸಿ ಇನ್ನೊಂದು. ಬಲ ಕುಂದಿದ ಮೇಲೆ, ದಯವಿಟ್ಟು ಇಟ್ಟುಕೊಳ್ಳಿ ಎಂದು ಸವಲತ್ತು ಕೊಟ್ಟು ಉಳಿಸಿಕೊಳ್ಳಬೇಕಾದ ಚೌಕಾಸಿಯ ಕರೆನ್ಸಿ ಮೂರನೆಯದು. ಯಾವ ರಾಜಕೀಯ ಮಹತ್ವಾಕಾಂಕ್ಷೆಯ ಹಂಗೂ ಇಲ್ಲದೆ ಬಳಕೆಯಾಗುವ ತಟಸ್ಥ ಕರೆನ್ಸಿ ನಾಲ್ಕನೆಯದು. ಪೌಂಡ್ ಮೊದಲೆರಡು ಸ್ಥಾನಗಳಿಂದ ಮೂರನೆಯದಕ್ಕೆ ಇಳಿದಿದ್ದರೂ ಲಂಡನ್ನಿನ ಬ್ಯಾಂಕರುಗಳು ಮತ್ತು ಖಜಾನೆಯ ಅಧಿಕಾರಿಗಳು ಹಳೆಯ ಗತ್ತನ್ನೇ ಕಾಪಾಡಲು ಹೊರಟರು, ಅದರ ಬೆಲೆಯನ್ನು ಬ್ರಿಟನ್ನಿನ ಕಾರ್ಖಾನೆಗಳೂ ದುಡಿಯುವ ಜನರೂ ತೆತ್ತರು ಎಂಬುದು ಅವರ ತೀರ್ಮಾನ.

ಒಡೆಯ ಕರೆನ್ಸಿ ಎಂದರೇನು ಎಂಬುದನ್ನು ಅತ್ಯಂತ ಹತ್ತಿರದಿಂದ ಕಂಡವರು ಭಾರತೀಯರು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಇಲ್ಲಿಂದ ಬಟ್ಟೆ, ಧಾನ್ಯ, ಸೈನಿಕ ಸಾಮಗ್ರಿಗಳನ್ನೆಲ್ಲ ಖರೀದಿಸಿತು. ಮಾರಿದವರಿಗೆ ಇಲ್ಲಿ ರೂಪಾಯಿ ಸಿಕ್ಕಿತು. ಅದಕ್ಕೆ ಸಮನಾದ ಪೌಂಡ್ ಲಂಡನ್ನಿನಲ್ಲಿ ರಿಸರ್ವ್ ಬ್ಯಾಂಕಿನ ಹೆಸರಿಗೆ ಜಮೆಯಾಗಿ ಬ್ರಿಟಿಷ್ ಸರ್ಕಾರದ ಸಾಲಪತ್ರಗಳಾಗಿ ಕುಳಿತಿತು. 1934ರ ರಿಸರ್ವ್ ಬ್ಯಾಂಕ್ ಕಾಯ್ದೆಯ ಪ್ರಕಾರ ಸ್ಟರ್ಲಿಂಗ್ ಸಾಲಪತ್ರವನ್ನು ಆಧಾರವಾಗಿಟ್ಟುಕೊಂಡು ನೋಟು ಹೊರಡಿಸಬಹುದಿತ್ತು. ಹಾಗಾಗಿ ಲಂಡನ್ನಿನಲ್ಲಿ ಒಂದು ಸಾಲಪತ್ರ ಸೇರಿದಂತೆಲ್ಲ ಇಲ್ಲಿ ಹೊಸ ನೋಟು ಚಲಾವಣೆಗೆ ಬಂತು. ಯುದ್ಧ ಮುಗಿಯುವ ವೇಳೆಗೆ ಚಲಾವಣೆಯಲ್ಲಿದ್ದ ನೋಟುಗಳ ಮೊತ್ತ ಆರು ಪಟ್ಟಿನಷ್ಟಾಗಿತ್ತು. ಸರಕು ಹಡಗು ಹತ್ತಿ ಹೋಯಿತು, ನೋಟು ಉಳಿಯಿತು, ಬೆಲೆ ಏರಿತು. ಆ ಏರಿಕೆಯ ಭಾರ 1943ರ ಬಂಗಾಳದ ಕ್ಷಾಮದಲ್ಲಿ ಕೂಲಿಯನ್ನೇ ನಂಬಿದವರ ಮೇಲೆ ಬಿತ್ತು. ಯುದ್ಧದ ಸಾಲ ಎನ್ನುವ ಮಾತಿನ ಹಿಂದೆ ಹೊಟ್ಟೆಗಿಲ್ಲದೆ ಸತ್ತ ಲಕ್ಷಾಂತರ ಜನರಿದ್ದಾರೆ ಎಂಬುದನ್ನು ಹಣಕಾಸಿನ ಇತಿಹಾಸ ಬರೆಯುವ ಯಾರೂ ಮರೆಯಕೂಡದು.

ಯುದ್ಧ ಮುಗಿದಾಗ ಬ್ರಿಟನ್ ಭಾರತಕ್ಕೆ ಕೊಡಬೇಕಾಗಿದ್ದ ಈ ಸ್ಟರ್ಲಿಂಗ್ ಬಾಕಿ ಸುಮಾರು 130 ಕೋಟಿ ಪೌಂಡ್. ಅಂದಿನ ದರದಲ್ಲಿ ಅದು ಸಾವಿರದ ಏಳುನೂರು ಕೋಟಿ ರೂಪಾಯಿಗೂ ಮಿಗಿಲು. ಅದಕ್ಕೂ ಮೊದಲೇ, 1944ರ ಜುಲೈನಲ್ಲಿ, ಅಂತರರಾಷ್ಟ್ರೀಯ ಹಣಕಾಸು ನಿಧಿಯನ್ನು ರೂಪಿಸಿದ ಬ್ರೆಟನ್ ವುಡ್ಸ್ ಸಮ್ಮೇಳನದಲ್ಲಿ ಭಾರತದ ನಿಯೋಗದ ಎ.ಡಿ. ಶ್ರಾಫ್, ಈ ಬಾಕಿಯ ಒಂದು ಭಾಗವನ್ನಾದರೂ ಬೇರೆ ದೇಶಗಳ ಕರೆನ್ಸಿಗೆ ಪರಿವರ್ತಿಸಲು ಹೊಸ ನಿಧಿ ನೆರವಾಗಬೇಕೆಂದು ವಾದಿಸಿದರು. ನಿಯೋಗದಲ್ಲಿ ಸಿ.ಡಿ. ದೇಶಮುಖ್ ಮತ್ತು ಆರ್.ಕೆ. ಷಣ್ಮುಖಂ ಚೆಟ್ಟಿ ಅವರೂ ಇದ್ದರು. ಬ್ರಿಟನ್ ಒಪ್ಪಲಿಲ್ಲ, ಅಮೆರಿಕವೂ ಒಪ್ಪಲಿಲ್ಲ. ಅದು ಭಾರತ ಮತ್ತು ಬ್ರಿಟನ್ ತಮ್ಮೊಳಗೇ ಬಗೆಹರಿಸಿಕೊಳ್ಳಬೇಕಾದ ವಿಷಯವೆಂದು ಪಕ್ಕಕ್ಕೆ ಸರಿಸಲಾಯಿತು.

1947ರಲ್ಲಿ ನಡೆದದ್ದನ್ನು ದಿನಾಂಕ ಸಹಿತ ನೋಡಬೇಕು. ಅಮೆರಿಕದಿಂದ ಪಡೆದ 375 ಕೋಟಿ ಡಾಲರ್ ಸಾಲದ ಷರತ್ತಿನಂತೆ ಜುಲೈ 15ರಂದು ಬ್ರಿಟನ್ ಪೌಂಡನ್ನು ಡಾಲರಿಗೆ ಪರಿವರ್ತಿಸಲು ಅವಕಾಶ ಕೊಟ್ಟಿತು. ಡಾಲರುಗಳು ಸೋರಿಹೋಗತೊಡಗಿದವು, ಆಗಸ್ಟ್ 20ರಂದು ಪರಿವರ್ತನೆ ನಿಂತಿತು. ಈ ಎರಡು ದಿನಾಂಕಗಳ ನಡುವೆ, ಸ್ವಾತಂತ್ರ್ಯದ ಹಿಂದಿನ ದಿನವಾದ ಆಗಸ್ಟ್ 14ರಂದು, ಭಾರತದ ಹಣದ ಬಗ್ಗೆ ಮಧ್ಯಂತರ ಒಪ್ಪಂದವಾಯಿತು. ಬಾಕಿಯನ್ನು ಒಂದನೇ ಖಾತೆ, ಎರಡನೇ ಖಾತೆ ಎಂದು ಭಾಗ ಮಾಡಿದರು. ಒಂದನೇ ಖಾತೆಯಲ್ಲಿದ್ದದ್ದು ಖರ್ಚು ಮಾಡಬಹುದಾದ ಸಣ್ಣ ಮೊತ್ತ. ಎರಡನೇ ಖಾತೆಯಲ್ಲಿದ್ದದ್ದು ಉಳಿದ ದೊಡ್ಡ ಮೊತ್ತ, ಅದನ್ನು ಮುಟ್ಟುವಂತಿರಲಿಲ್ಲ. 1948ರ ಒಪ್ಪಂದದಲ್ಲಿ ಇದೇ ಬಾಕಿಯಿಂದ ಬ್ರಿಟಿಷ್ ಸೇನೆ ಬಿಟ್ಟುಹೋದ ಸಾಮಗ್ರಿಗಳಿಗೆ 10 ಕೋಟಿ ಪೌಂಡ್ ಕಳೆಯಿತು. ಇಲ್ಲಿ ಆಡಳಿತ ನಡೆಸಿ ನಿವೃತ್ತರಾದ ಬ್ರಿಟಿಷ್ ಅಧಿಕಾರಿಗಳ ಪಿಂಚಣಿಗೆ ಸುಮಾರು 17 ಕೋಟಿ ಪೌಂಡ್ ಹೋಯಿತು. ಮರುವರ್ಷದ ಸೆಪ್ಟೆಂಬರಿನಲ್ಲಿ ಬ್ರಿಟನ್ ತನ್ನ ಪೌಂಡನ್ನು 4.03 ಡಾಲರಿನಿಂದ 2.80 ಡಾಲರಿಗೆ ಇಳಿಸಿದಾಗ ಉಳಿದಿದ್ದ ಬಾಕಿಯ ಡಾಲರ್ ಬೆಲೆಯೂ ಅದೇ ಪ್ರಮಾಣದಲ್ಲಿ ಕುಸಿಯಿತು.

ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ನಮ್ಮ ಗಾದೆ ಈ ಪ್ರಕರಣಕ್ಕೆ ಅಕ್ಷರಶಃ ಒಪ್ಪುತ್ತದೆ. ಆದರೆ ಗಾದೆ ಹೇಳುವುದು ಸಾಲಗಾರನ, ಅಂದರೆ ಸಾಲ ಪಡೆದವನ, ನಡತೆಯನ್ನು; ಸ್ಟ್ರೇಂಜ್ ಕೇಳಿಸುವುದು ಅವನಿಗೆ ಆ ಬಲ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು. ಸಾಲವನ್ನು ಬರೆದಿಟ್ಟದ್ದು ಸಾಲಗಾರನ ಕರೆನ್ಸಿಯಲ್ಲಿ, ಖಾತೆ ಇದ್ದದ್ದು ಸಾಲಗಾರನ ಬ್ಯಾಂಕಿನಲ್ಲಿ, ಆ ಕರೆನ್ಸಿಯನ್ನು ಯಾವಾಗ, ಎಷ್ಟು, ಯಾವ ದರದಲ್ಲಿ ಪರಿವರ್ತಿಸಬಹುದು ಎಂಬ ನಿಯಮ ಮಾಡುತ್ತಿದ್ದವನೂ ಸಾಲಗಾರನೇ. ಒಬ್ಬರು ಇನ್ನೊಬ್ಬರಿಂದ ಬೇಡದ ಕೆಲಸ ಮಾಡಿಸುವ ಬಲ ಒಂದು ಬಗೆಯದು. ಎಲ್ಲರೂ ವ್ಯವಹರಿಸಬೇಕಾದ ಚೌಕಟ್ಟನ್ನೇ ನಿರ್ಧರಿಸುವ ಬಲ ಇನ್ನೊಂದು ಬಗೆಯದು. ಈ ಎರಡನೆಯದನ್ನು ಅವರು ಸಂರಚನಾತ್ಮಕ ಅಧಿಕಾರ ಎಂದರು. ಅದು ಭದ್ರತೆ, ಉತ್ಪಾದನೆ, ಹಣಕಾಸು, ಜ್ಞಾನ ಎಂಬ ನಾಲ್ಕು ನೆಲೆಗಳಲ್ಲಿ ಇರುತ್ತದೆ ಎಂದು 1988ರ ಪುಸ್ತಕದಲ್ಲಿ ವಿವರಿಸಿದರು.

ಈ ಕಥೆಗೆ ಇನ್ನೊಂದು ಮಗ್ಗುಲಿದೆ. 1967ರಲ್ಲಿ ಪೌಂಡ್ ಮತ್ತೆ ಅಪಮೌಲ್ಯಗೊಂಡ ನಂತರ, 1968ರ ಬಾಸೆಲ್ ವ್ಯವಸ್ಥೆಯಲ್ಲಿ ಬ್ರಿಟನ್ ಸ್ಟರ್ಲಿಂಗ್ ಇಟ್ಟುಕೊಂಡಿದ್ದ ದೇಶಗಳಿಗೆ ಡಾಲರ್ ಬೆಲೆಯ ಖಾತರಿ ಕೊಟ್ಟಿತು. ಪ್ರತಿಯಾಗಿ ಆ ದೇಶಗಳು ತಮ್ಮ ಮೀಸಲಿನ ಒಂದು ಪಾಲನ್ನು ಸ್ಟರ್ಲಿಂಗ್‌ನಲ್ಲಿ ಉಳಿಸಿಕೊಳ್ಳಲು ಒಪ್ಪಿದವು. ಚೌಕಾಸಿಯ ಕರೆನ್ಸಿ ಎಂದರೆ ಇದೇ. ಆದರೆ ಚೌಕಾಸಿ ಮಾಡುವ ಕಾಲ ಬಂದಾಗ ಭಾರತದ ಕೈಯಲ್ಲಿ ಹೇಳಿಕೊಳ್ಳುವಷ್ಟು ಸ್ಟರ್ಲಿಂಗ್ ಉಳಿದಿರಲಿಲ್ಲ. ಎರಡನೇ ಪಂಚವಾರ್ಷಿಕ ಯೋಜನೆಯ ಯಂತ್ರಗಳಿಗಾಗಿ ಅದು ಕರಗಿಹೋಗಿತ್ತು. ಲಾಭ ಸಿಕ್ಕಿದ್ದು ಆಸ್ಟ್ರೇಲಿಯಾ, ಮಲೇಷ್ಯಾ, ಕುವೈತ್‌ನಂಥ ದೇಶಗಳಿಗೆ. ಇದೇ ಕುವೈತ್ ಮತ್ತು ಅದರ ನೆರೆಹೊರೆಯಲ್ಲಿ 1960ರ ಆಸುಪಾಸಿನವರೆಗೆ ಚಲಾವಣೆಯಲ್ಲಿದ್ದದ್ದು ಭಾರತದ ರೂಪಾಯಿ ಎಂಬುದನ್ನೂ ನೆನೆಯಬೇಕು. ಕೊಲ್ಲಿಗೆಂದೇ ರಿಸರ್ವ್ ಬ್ಯಾಂಕ್ 1959ರಲ್ಲಿ ಪ್ರತ್ಯೇಕ ನೋಟುಗಳನ್ನು ಹೊರಡಿಸಿತ್ತು. ನಮ್ಮ ಕರಾವಳಿಯಿಂದ ಆ ಕಾಲದಲ್ಲಿ ಅಲ್ಲಿಗೆ ದುಡಿಯಲು ಹೋದವರ ಕೈಗೆ ಬಂದದ್ದು ರೂಪಾಯಿಯೇ. 1966ರ ಜೂನ್‌ನಲ್ಲಿ ಡಾಲರಿಗೆ 4.76 ಇದ್ದ ರೂಪಾಯಿಯನ್ನು 7.50ಕ್ಕೆ ಇಳಿಸಿದಾಗ, ಅಲ್ಲಿ ಉಳಿದಿದ್ದ ಬಳಕೆಯೂ ಬಹುಮಟ್ಟಿಗೆ ಮುಗಿಯಿತು. 1949ರಲ್ಲಿ ಪೌಂಡಿನಿಂದ ನಮಗಾದದ್ದು ನಮ್ಮ ರೂಪಾಯಿಯಿಂದ ಅವರಿಗಾಯಿತು.

ಸ್ಟ್ರೇಂಜ್ ಅವರ ಇನ್ನೊಂದು ಒತ್ತು, ಸರ್ಕಾರಗಳು ತೆಗೆದುಕೊಂಡ ನಿರ್ಧಾರಗಳಷ್ಟೇ ತೆಗೆದುಕೊಳ್ಳದೆ ಬಿಟ್ಟ ನಿರ್ಧಾರಗಳೂ ರಾಜಕಾರಣವೇ ಎಂಬುದು. 1955ರಲ್ಲಿ ಲಂಡನ್ನಿನ ಮಿಡ್ಲ್ಯಾಂಡ್ ಬ್ಯಾಂಕ್, ಅಮೆರಿಕದ ಬ್ಯಾಂಕುಗಳು ಕಾನೂನಿನ ಮಿತಿಯೊಳಗೆ ಕೊಡಬಹುದಾಗಿದ್ದಕ್ಕಿಂತ ಹೆಚ್ಚು ಬಡ್ಡಿ ಕೊಟ್ಟು ಡಾಲರ್ ಠೇವಣಿಗಳನ್ನು ಸೆಳೆಯತೊಡಗಿತು. ಬ್ಯಾಂಕ್ ಆಫ್ ಇಂಗ್ಲೆಂಡ್ ಅದನ್ನು ಗಮನಿಸಿತು, ವಿಚಾರಿಸಿತು, ತಡೆಯಲಿಲ್ಲ. ಅಮೆರಿಕದ ಡಾಲರ್, ಆದರೆ ಅಮೆರಿಕದ ನಿಯಮ ಅನ್ವಯಿಸದು. ಬ್ರಿಟನ್ನಿನ ನೆಲ, ಆದರೆ ಅದು ಪೌಂಡ್ ಅಲ್ಲದ್ದರಿಂದ ಬ್ರಿಟನ್ನಿನ ನಿರ್ಬಂಧವೂ ಇಲ್ಲ. ಹೀಗೆ ಬೆಳೆದ ಯೂರೋಡಾಲರ್ ಮಾರುಕಟ್ಟೆ ಮುಂದೆ ಗಡಿಗಳಿಗೆ ಸಿಗದ ಹಣದ ತವರಾಯಿತು. ಮಾರುಕಟ್ಟೆ ತಾನೇ ತಾನಾಗಿ ಬೆಳೆಯಿತು, ತಂತ್ರಜ್ಞಾನ ಅದನ್ನು ಅನಿವಾರ್ಯ ಮಾಡಿತು ಎಂದು ಹೇಳುವವರಿಗೆ ಅವರ ಉತ್ತರ, ಯಾರು ಸುಮ್ಮನಿದ್ದರು, ಸುಮ್ಮನಿದ್ದದ್ದರಿಂದ ಯಾರಿಗೆ ಲಾಭವಾಯಿತು ಎಂಬ ಪ್ರಶ್ನೆಯಾಗಿತ್ತು.

1978ರಿಂದ ಹತ್ತು ವರ್ಷ ಅವರು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಮಾಂಟೇಗ್ ಬರ್ಟನ್ ಪೀಠದ ಪ್ರಾಧ್ಯಾಪಕರಾಗಿದ್ದರು. ನಂತರ ಫ್ಲಾರೆನ್ಸ್, ಅದಾದ ಮೇಲೆ ವಾರ್ವಿಕ್. ಅಮೆರಿಕದ ಯಜಮಾನಿಕೆ ಮುಗಿಯಿತೆಂದು ಅಲ್ಲಿನ ವಿದ್ವಾಂಸರೇ ಬರೆಯುತ್ತಿದ್ದಾಗ, 1987ರಲ್ಲಿ, ಅದೊಂದು ಪಟ್ಟುಬಿಡದ ಮಿಥ್ಯೆ ಎಂದು ಅವರು ಬರೆದರು. 1971ರ ಆಗಸ್ಟ್ 15ರಂದು ಅಧ್ಯಕ್ಷ ನಿಕ್ಸನ್ ಡಾಲರಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿದ್ದನ್ನು ಹಲವರು ಸೋಲೆಂದು ಓದಿದರೆ, ಚಿನ್ನದ ಕಟ್ಟುಪಾಡಿಲ್ಲದೆ ಜಗತ್ತಿಗೆ ಡಾಲರ್ ಒದಗಿಸಬಲ್ಲ ಸ್ವಾತಂತ್ರ್ಯವನ್ನು ಅವರು ಅದರಲ್ಲಿ ಕಂಡರು. ಅವರು ತೀರಿಕೊಂಡು ಹತ್ತು ವರ್ಷವಾದ ಮೇಲೆ, 2008ರ ಬಿಕ್ಕಟ್ಟಿನಲ್ಲಿ, ಅಮೆರಿಕದ ಕೇಂದ್ರ ಬ್ಯಾಂಕ್ ಹದಿನಾಲ್ಕು ಕೇಂದ್ರ ಬ್ಯಾಂಕುಗಳಿಗೆ ಡಾಲರ್ ವಿನಿಮಯದ ಸೌಲಭ್ಯ ಕೊಟ್ಟಿತು. ಬ್ರೆಜಿಲ್, ಮೆಕ್ಸಿಕೊ, ದಕ್ಷಿಣ ಕೊರಿಯಾ, ಸಿಂಗಪುರ ಆ ಪಟ್ಟಿಯಲ್ಲಿದ್ದವು, ಭಾರತ ಇರಲಿಲ್ಲ. ಯಾರಿಗೆ ಡಾಲರ್ ಸಿಗಬೇಕೆಂಬ ಆಯ್ಕೆ ಅಮೆರಿಕದ ಕೈಯಲ್ಲಿಯೇ ಉಳಿದಿತ್ತು.

ಅವರ ಬರವಣಿಗೆಯ ಬಗ್ಗೆ ನನ್ನದೊಂದು ತಕರಾರೂ ಇದೆ. ಅವರು ಸಂರಚನೆಯನ್ನು ಅದನ್ನು ಕಟ್ಟಿದವರ ಊರಿನಿಂದ ನೋಡಿದರು. ಪೌಂಡಿನ ಇಳಿಗತಿಯಿಂದ ಬ್ರಿಟನ್ನಿಗೆ ಏನಾಯಿತು ಎಂಬುದು ಅವರ ಪುಸ್ತಕದ ಕೇಂದ್ರ. ಪೌಂಡ್ ಕೂಡಿಸಿಟ್ಟವರಿಗೆ ಏನಾಯಿತು ಎಂಬುದು ಅಂಚಿನಲ್ಲಿ ಉಳಿಯುತ್ತದೆ. ಆ ಭಾಗವನ್ನು ನಾವೇ ಬರೆಯಬೇಕು. ಅದಕ್ಕೆ ಬೇಕಾದ ಕಾಗದಪತ್ರಗಳು ಪುಣೆಯಲ್ಲಿರುವ ರಿಸರ್ವ್ ಬ್ಯಾಂಕಿನ ದಾಖಲೆ ಸಂಗ್ರಹದಲ್ಲಿ, ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇವೆ.

ಇಲ್ಲಿ ಕುಳಿತಿರುವ ಸಂಶೋಧನಾ ವಿದ್ಯಾರ್ಥಿಗಳಿಗೆ ಒಂದು ವಿಷಯವನ್ನು ಸೂಚಿಸಲು ಬಯಸುತ್ತೇನೆ. ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದ 2022ರ ಫೆಬ್ರುವರಿಯ ನಂತರ ಪಾಶ್ಚಾತ್ಯ ದೇಶಗಳು ರಷ್ಯಾದ ವಿದೇಶಿ ಮೀಸಲಿನ ದೊಡ್ಡ ಭಾಗವನ್ನು ತಡೆಹಿಡಿದವು. ಅದೇ ವರ್ಷದ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ವಿದೇಶ ವ್ಯಾಪಾರವನ್ನು ರೂಪಾಯಿಯಲ್ಲಿ ಚುಕ್ತಾ ಮಾಡಲು, ವಿದೇಶಿ ಬ್ಯಾಂಕುಗಳು ಇಲ್ಲಿನ ಬ್ಯಾಂಕುಗಳಲ್ಲಿ ವೋಸ್ಟ್ರೊ ಎಂಬ ರೂಪಾಯಿ ಖಾತೆಗಳನ್ನು ತೆರೆಯುವ ಹೊಸ ವ್ಯವಸ್ಥೆಯನ್ನು ತಂದಿತು. ಹೆಚ್ಚುವರಿಯಾಗಿ ಉಳಿದ ರೂಪಾಯಿಯನ್ನು ಭಾರತ ಸರ್ಕಾರದ ಸಾಲಪತ್ರಗಳಲ್ಲಿ ತೊಡಗಿಸಬಹುದೆಂದು ಹೇಳಿತು. 2023ರ ಮೇ ತಿಂಗಳಲ್ಲಿ ಗೋವಾಕ್ಕೆ ಬಂದಿದ್ದ ರಷ್ಯಾದ ವಿದೇಶಾಂಗ ಸಚಿವ ಸೆರ್ಗೆಯ್ ಲಾವ್ರೋವ್, ಭಾರತದ ಬ್ಯಾಂಕುಗಳಲ್ಲಿ ತಮ್ಮ ಹಣ ನೂರಾರು ಕೋಟಿ ರೂಪಾಯಿಗಳಲ್ಲಿ ಕೂಡಿಬಿದ್ದಿದೆ, ಅದನ್ನು ಬಳಸಬೇಕಾದರೆ ಬೇರೆ ಕರೆನ್ಸಿಗೆ ಪರಿವರ್ತಿಸಬೇಕು, ಮಾತುಕತೆ ನಡೆದಿದೆ ಎಂದರು. ಈ ಬಾರಿ ಕೊಡಬೇಕಾದವರು ನಾವು, ಖಾತೆ ಇರುವುದು ನಮ್ಮ ಬ್ಯಾಂಕಿನಲ್ಲಿ, ಪರಿವರ್ತನೆಯ ನಿಯಮ ನಮ್ಮದು. ಆದರೆ ಬೇರೆ ದೇಶಗಳು ರೂಪಾಯಿಯನ್ನು ತಾವಾಗಿ ಬಯಸಿ ಇಟ್ಟುಕೊಳ್ಳುತ್ತಿಲ್ಲ. ಹಾಗಿರುವಾಗ ನಾಲ್ಕು ಬಗೆಯ ಕರೆನ್ಸಿಗಳಲ್ಲಿ ಇಂದಿನ ರೂಪಾಯಿ ಯಾವುದಕ್ಕೆ ಸೇರುತ್ತದೆ, ಅಥವಾ ಅದಕ್ಕೆ ಐದನೆಯ ಬಗೆಯೊಂದನ್ನು ಹೊಸದಾಗಿ ಹೇಳಬೇಕೆ ಎಂಬುದು ಒಂದು ಒಳ್ಳೆಯ ಪ್ರಬಂಧಕ್ಕೆ ಸಾಲುವಷ್ಟು ದೊಡ್ಡ ಪ್ರಶ್ನೆ.