ಐಸ್‌ಕ್ಯಾಂಡಿ ಕಡ್ಡಿಯಲ್ಲೊಂದು ಚೀನೀ ಪುಸ್ತಕ

ನಮಸ್ಕಾರ. ಮೇಜಿನ ಮೇಲೆ ಕಾಣ್ತಿರೋದು ಕಸ ಅಲ್ಲ ಮತ್ತೆ. ತೊಳೆದು ಒಣಗಿಸಿದ ಐಸ್‌ಕ್ಯಾಂಡಿ ಕಡ್ಡಿಗಳು, ಜೊತೆಗೆ ಹೂ ಕಟ್ಟೋ ದಾರ. ಕಾಗದ ಬರೋಕೆ ಮುಂಚೆ ಚೀನಾದಲ್ಲಿ ಪುಸ್ತಕ ಅಂದ್ರೆ ಹೆಚ್ಚುಕಮ್ಮಿ ಹೀಗೇ ಇರ್ತಿತ್ತು. ಬಿದಿರಿನ ಸಪೂರ ಪಟ್ಟಿ, ಮೇಲಿಂದ ಕೆಳಕ್ಕೆ ಒಂದೇ ಸಾಲು ಬರಹ, ಆಮೇಲೆ ಚಾಪೆ ಥರ ಹೆಣೆದು ಸುತ್ತಿಡೋದು. ನಾನು ಇದರ ಮೇಲೆ ಅಜ್ಜಿಯ ಸಾರಿನಪುಡಿ ಲೆಕ್ಕ ಬರೀತಿದ್ದೀನಿ.

ಬರೀತಾ ಒಂದೆರಡು ಕಥೆ ಹೇಳ್ತೀನಿ. ಅಕ್ಷರ ಕಂಡುಹಿಡಿದವನು ಚಾಂಗ್‌ಜಿಯೆ ಅಂತೆ, ಅವನಿಗೆ ನಾಲ್ಕು ಕಣ್ಣು. ಹಕ್ಕಿಗಳ ಹೆಜ್ಜೆಗುರುತು ನೋಡಿ ಲಿಪಿ ಮಾಡಿದಾಗ ಆಕಾಶದಿಂದ ಧಾನ್ಯದ ಮಳೆ ಸುರೀತಂತೆ. ಮೂಲದಲ್ಲಿರೋ ಪದ 'ಸು', ಅಂದ್ರೆ ನಮ್ಮ ನವಣೆ! ಅವತ್ತು ರಾತ್ರಿ ದೆವ್ವಗಳು ಗೋಳೋ ಅಂತ ಅತ್ತವಂತೆ. ಯಾಕೆ ಅಂದ್ರೆ, ಇನ್ಮೇಲೆ ತಮ್ಮ ಮೇಲೆ ಲಿಖಿತ ದೂರು ಬೀಳುತ್ತೆ ಅನ್ನೋ ಭಯ! ಹಳೇ ವ್ಯಾಖ್ಯಾನದಲ್ಲೇ ಇದೆ, ನಾನು ಸೇರಿಸಿದ್ದಲ್ಲ.

ಇನ್ನು ಲಾವೋತ್ಸು. ಚೀನಾದ ಹಳೇ ಝೌ ವಂಶದ ದೊರೆಗಳ ಗ್ರಂಥಭಂಡಾರ ನೋಡ್ಕೊಳ್ತಿದ್ದವನು. ರಾಜ್ಯ ಹಾಳಾಗ್ತಿದೆ ಅಂತ ಬೇಸತ್ತು ಹೊರಟೇಬಿಟ್ಟ. ಎಷ್ಟೋ ಚಿತ್ರಗಳಲ್ಲಿ ಕೋಣದ ಮೇಲೆ ಕೂತಿರ್ತಾನೆ, ಯಮ ನೆನಪಾದ್ರೆ ನಾನು ಹೊಣೆಯಲ್ಲ. ಗಡಿ ಕಾವಲಿನ ಯಿನ್ ಶಿ ತಡೆದು, "ಹೋಗೋದೇ ಆದ್ರೆ ನನಗೊಂದು ಪುಸ್ತಕ ಬರೆದುಕೊಟ್ಟು ಹೋಗಿ" ಅಂದ. ಬರೆದುಕೊಟ್ಟ: ಎರಡು ಭಾಗ, 5,000 ಚಿಲ್ಲರೆ ಅಕ್ಷರ. ಅದೇ 'ದಾವ್ ದ ಜಿಂಗ್', ದಾವೋ ಪಂಥದ ಮೂಲಗ್ರಂಥ. ಆಮೇಲೆ ಮುದುಕ ಎಲ್ಲಿ ಹೋದ ಅಂತ ಯಾರಿಗೂ ಗೊತ್ತಾಗಲಿಲ್ಲ.

ಕಡ್ಡಿ ಹಿಡಿದು ಕೂತಮೇಲೆ ನನಗೆ ಲೆಕ್ಕದ ಚಿಂತೆ. ಪಟ್ಟಿಗೆ 25 ಅಕ್ಷರ ಹಿಡಿಸಿದ್ರೂ 200 ಪಟ್ಟಿ ಬೇಕು. ಹಸಿ ಬಿದಿರು ಸೀಳಿ, ಬೆಂಕಿಗೆ ಕಾಯಿಸಿ ಬೆವರಿಳಿಸದಿದ್ರೆ ಹುಳ ಹಿಡಿಯುತ್ತೆ. ಗಡಿ ಠಾಣೆಯಲ್ಲಿ ಅಷ್ಟೊಂದು ಪಟ್ಟಿ ಯಾರು ರೆಡಿ ಇಟ್ಟಿದ್ರು?

1993ರಲ್ಲಿ ಹುಬೈ ಪ್ರಾಂತ್ಯದ ಗುವೊದಿಯನ್‌ನಲ್ಲಿ, ಕಳ್ಳರು ಮೊದಲೇ ಕನ್ನ ಹಾಕಿದ್ದ ಗೋರಿಯೊಂದನ್ನ ಅಗೆದಾಗ, 'ದಾವ್ ದ ಜಿಂಗ್'ನ ಮಾತುಗಳಿರೋ 71 ಪಟ್ಟಿ ಸಿಕ್ಕವು. ಸುಮಾರು ಕ್ರಿ.ಪೂ. 300ರವು. ಮೂರು ಕಟ್ಟು, ಮೂರಕ್ಕೂ ಬೇರೆ ಬೇರೆ ಉದ್ದ, ಒಟ್ಟು ಸೇರಿದ್ರೂ ಈಗಿನ ಪುಸ್ತಕದ ಅರ್ಧವೂ ಇಲ್ಲ. ಪದ್ಯಗಳ ಅನುಕ್ರಮವೂ ಬೇರೆ. ನನಗಂತೂ ಇದು ಒಂದೇ ಬೈಠಕ್‌ನಲ್ಲಿ ಬರೆದುಕೊಟ್ಟ ಪುಸ್ತಕ ಅನ್ನಿಸಲ್ಲ. ಸ್ವಲ್ಪ ಸ್ವಲ್ಪವೇ ಕೂಡಿಕೊಂಡಿದ್ದು. ಆದ್ರೂ ಆ ಗಡಿ ಕಾವಲಿನವನನ್ನ ಬಿಟ್ಟುಕೊಡೋಕೆ ಮನಸ್ಸಿಲ್ಲ.

ಹೆಣೆದಿದ್ದ ದಾರ ಮಣ್ಣಲ್ಲಿ ಕೊಳೆತುಹೋಗಿತ್ತು. ಯಾವ ಪಟ್ಟಿ ಆದಮೇಲೆ ಯಾವುದು ಅಂತ ವಿದ್ವಾಂಸರು ಒಂದೊಂದೇ ಜೋಡಿಸಬೇಕಾಯ್ತು. ಕನ್‌ಫ್ಯೂಷಿಯಸ್ ವಯಸ್ಸಾದ ಕಾಲಕ್ಕೆ 'ಯೀ ಜಿಂಗ್' ಅನ್ನೋ ಹಳೇ ಶಕುನದ ಪುಸ್ತಕನ ಎಷ್ಟು ಓದಿದ ಅಂದ್ರೆ, ಕಟ್ಟಿದ್ದ ದಾರ ಮೂರು ಸಲ ಕಿತ್ತುಹೋಯ್ತು ಅಂತಾರೆ.

ನನ್ನದು ಒಂದೇ ಸಲಕ್ಕೆ ಬಿಚ್ಚಿಕೊಳ್ತು, ನೋಡಿ. ನಂಬರ್ ಬೇರೆ ಹಾಕಿಲ್ಲ. ಈ ಕಡ್ಡಿಯಲ್ಲಿ "ಘಂ ಅನ್ನೋವರೆಗೆ ಹುರಿ" ಅಂತಿದೆ. ಏನನ್ನ? ಕೊತ್ತಂಬರಿನಾ, ಮೆಂತ್ಯನಾ?