ಎಐ ಇರಲಿ, ಮಾತು ನಿಮ್ಮದಿರಲಿ

ಎಲ್ಲರಿಗೂ ನಮಸ್ಕಾರ.

ಎಐ ಬಳಸಿ ಬರೆಯುವುದು ಸರಿಯಾ ತಪ್ಪಾ ಅನ್ನುವ ಚರ್ಚೆಗೆ ನಾನು ಇವತ್ತು ಹೋಗುವುದಿಲ್ಲ. ಚಾಟ್‌ಜಿಪಿಟಿ ಜನರ ಕೈಗೆ ಬಂದದ್ದು 2022ರ ನವೆಂಬರ್ 30ರಂದು. ಆಮೇಲೆ ಜೆಮಿನಿ, ಕ್ಲಾಡ್ ಮೊದಲಾದವು ಬಂದವು. ಎಲ್ಲವೂ ಕನ್ನಡದಲ್ಲಿ ಬರೆದುಕೊಡುತ್ತವೆ. ಇಲ್ಲಿ ಕೂತಿರುವವರಲ್ಲೂ ಬಹಳ ಜನ ಬಳಸಿರುತ್ತೀರಿ. ನಾನೂ ಬಳಸುತ್ತೇನೆ. ನಾನು ಕೇಳಬೇಕು ಅಂದುಕೊಂಡಿರುವ ಪ್ರಶ್ನೆ ಬೇರೆ. ನಿಮ್ಮ ಹೆಸರಿನಲ್ಲಿ ಆನ್‌ಲೈನ್‌ಗೆ ಹೋಗುವ ಬರಹದಲ್ಲಿ ನೀವು ಇರುತ್ತೀರಾ?

ಒಂದು ಬರಹ ಓದುತ್ತೇನೆ. ಮಲೆನಾಡಿನ ಅಡಿಕೆ ಬೆಳೆಗಾರರೊಬ್ಬರು ತಮ್ಮ ಫೋನಿನಲ್ಲಿ ಬರೆದುಕೊಂಡದ್ದು. ಅವರ ಒಪ್ಪಿಗೆ ಪಡೆದೇ ಓದುತ್ತಿದ್ದೇನೆ. ಇದರಲ್ಲಿ ಬರುವ ಕೊನೆಗೌಡ ಅಂದರೆ ಅಡಿಕೆ ಮರ ಹತ್ತಿ ಔಷಧಿ ಹೊಡೆಯುವವನು, ಕೊಳೆ ಅಂದರೆ ಅಡಿಕೆ ಕಾಯಿಗೆ ಬರುವ ರೋಗ.

"ಪುಷ್ಯ ಮಳೆ ಹಿಡಿದದ್ದು ಬಿಡ್ತಿಲ್ಲ. ಮೊದಲನೇ ಔಷಧಿ ಹೊಡೆಸಿ 50 ದಿನ ಆಯ್ತು. ಎರಡನೇದಕ್ಕೆ ಮೈಲುತುತ್ತು, ಸುಣ್ಣ ಎರಡೂ ತಂದಿಟ್ಟಿದ್ದೀನಿ. ಕೊನೆಗೌಡ ಬರಬೇಕಲ್ಲ. ಬಂದರೂ ಈ ಮಳೇಲಿ ಮರ ಹತ್ತು ಅಂತ ಹೇಳೋಕೆ ನನಗೆ ಬಾಯಿ ಬರಲ್ಲ. ಹೋದ ವರ್ಷ ಪಕ್ಕದ ತೋಟದಲ್ಲಿ ಒಬ್ಬ ಜಾರಿ ಬಿದ್ದ. ಇವತ್ತು ಬೆಳಗ್ಗೆ ಕೆಳಗಿನ ತೋಟದಲ್ಲಿ ಕಾಯಿ ಉದುರಿತ್ತು. ತೊಟ್ಟಿನ ಹತ್ತಿರ ನೀರು ಕುಡಿದಂಥ ಕಲೆ. ಕೊಳೆ ಬಂದಿದೆ."

ಫೇಸ್‌ಬುಕ್‌ಗೆ ಹಾಕುವ ಮೊದಲು ಅವರಿಗೆ ಇದು ತೀರಾ ಹಳ್ಳಿ ಮಾತಾಯ್ತು ಅನ್ನಿಸಿತು. ಎಐಗೆ ಕೊಟ್ಟು "ಚೆನ್ನಾಗಿ ಬರೆದುಕೊಡು" ಅಂದರು. ಬಂದದ್ದು ಇದು:

"ಮಲೆನಾಡು ಭಾಗದ ಅಡಿಕೆ ಬೆಳೆಗಾರರು ನಿರಂತರ ಮಳೆಯಿಂದಾಗಿ ಹಲವಾರು ಸವಾಲುಗಳನ್ನು ಎದುರಿಸುತ್ತಿದ್ದಾರೆ. ಕಾರ್ಮಿಕರ ಕೊರತೆಯಿಂದಾಗಿ ಸಕಾಲದಲ್ಲಿ ಔಷಧಿ ಸಿಂಪಡಣೆ ಸಾಧ್ಯವಾಗುತ್ತಿಲ್ಲ. ಇದರ ಪರಿಣಾಮವಾಗಿ ಕೊಳೆರೋಗ ವ್ಯಾಪಕವಾಗಿ ಹರಡುತ್ತಿದ್ದು, ಬೆಳೆಗಾರರು ಆತಂಕಕ್ಕೊಳಗಾಗಿದ್ದಾರೆ. ಒಗ್ಗಟ್ಟಿನಿಂದ ಈ ಸವಾಲನ್ನು ಎದುರಿಸೋಣ, ಭರವಸೆ ಕಳೆದುಕೊಳ್ಳದಿರೋಣ."

ಎರಡನೆಯದರಲ್ಲಿ ವ್ಯಾಕರಣದ ತಪ್ಪು ಹುಡುಕಿದರೂ ಸಿಗುವುದಿಲ್ಲ. ಕಾಗುಣಿತ ಸರಿ ಇದೆ. ಪುಷ್ಯ ಮಳೆ ಹೋಗಿ ನಿರಂತರ ಮಳೆ ಬಂತು, ಅದನ್ನೂ ಬಿಡಿ. ನನಗೆ ನಿಜವಾಗಿ ಕಳವಳ ಆದದ್ದು ಕೊನೆಗೌಡನ ವಿಷಯದಲ್ಲಿ. ಮೊದಲ ಬರಹದಲ್ಲಿ ಒಬ್ಬ ಯಜಮಾನನಿಗೆ ಬೆಳೆ ಹೋಗುತ್ತದೆ ಅನ್ನುವ ಭಯ ಇದೆ. ಅದರ ಜೊತೆಗೇ ಇನ್ನೊಬ್ಬನ ಜೀವದ ಭಯವೂ ಇದೆ. ಮರ ಹತ್ತು ಅನ್ನಲು ಬಾಯಿ ಬರುವುದಿಲ್ಲ ಅಂತಾರೆ. ಎರಡನೆಯದರಲ್ಲಿ ಆ ಮನುಷ್ಯ "ಕಾರ್ಮಿಕರ ಕೊರತೆ" ಆಗಿಬಿಟ್ಟ. ಅವನು ಬರಲಿಲ್ಲ, ಅದಕ್ಕೇ ಬೆಳೆ ಹೋಯಿತು ಅನ್ನುವ ಅರ್ಥ ಬಂತು. ಬೆಳೆಗಾರರು ಹೇಳಿದ್ದು ಇದಲ್ಲ. ಅವರ ಹೆಸರಿನಲ್ಲಿ ಬೇರೆ ಯಾರೋ, ಬೇರೆ ಕಡೆ ನಿಂತು ಮಾತಾಡಿದ ಹಾಗಾಯ್ತು.

ನನ್ನ ಇವತ್ತಿನ ಮಾತೆಲ್ಲ ಇದರ ಸುತ್ತಲೇ. ದನಿ ಕಳೆದುಹೋಗುತ್ತದೆ ಅಂದಾಗ ನಾವು ಸಾಮಾನ್ಯವಾಗಿ ಶೈಲಿಯ ಬಗ್ಗೆ ಯೋಚಿಸುತ್ತೇವೆ. ಧಾರವಾಡದ ಕನ್ನಡ ಹೋಯಿತು, ಕುಂದಾಪುರದ ಕನ್ನಡ ಹೋಯಿತು ಅಂತ ಬೇಜಾರಾಗುತ್ತೇವೆ. ಆ ಬೇಜಾರು ನನಗೂ ಇದೆ. ಆದರೆ ಶೈಲಿಗಿಂತ ಮೊದಲು ಹೋಗುವುದು ನಿಲುವು. ಯಾರಿಗೆ ನೋಯುತ್ತಿದೆ, ಯಾರ ಪರ ನಿಂತು ಹೇಳುತ್ತಿದ್ದೇನೆ, ಎಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ, ಇವು ಸದ್ದಿಲ್ಲದೆ ಬದಲಾಗುತ್ತವೆ. ಭಾಷೆ ಚೆಂದ ಆಯ್ತು ಅನ್ನುವ ಖುಷಿಯಲ್ಲಿ ನಮಗದು ಕಾಣುವುದೇ ಇಲ್ಲ.

ಯಂತ್ರ ಹೀಗೆ ಯಾಕೆ ಮಾಡುತ್ತದೆ? ಅದಕ್ಕೆ ಯಾರ ಮೇಲೂ ಸಿಟ್ಟಿಲ್ಲ. ಇಲ್ಲಿಯವರೆಗೆ ಬಂದ ಪದಗಳನ್ನು ನೋಡಿ ಮುಂದಿನದು ಏನಿರಬಹುದು ಅಂತ ಲೆಕ್ಕ ಹಾಕುವುದು ಅದರ ಮೂಲ ಕೆಲಸ. ಪದ ಅಂದರೂ ಪೂರ್ತಿ ಪದ ಅಲ್ಲ, ಚೂರು ಚೂರು. ಆ ಲೆಕ್ಕ ಕಲಿತದ್ದು ಅಪಾರ ಬರಹ ಓದಿ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಅಂತ ಬರೆಸಿದವರು ಸುಮಾರು 4.37 ಕೋಟಿ ಜನ. ಇಂಟರ್ನೆಟ್ಟಿನಲ್ಲಿರುವ ಒಟ್ಟು ಬರಹದಲ್ಲಿ ಕನ್ನಡಕ್ಕೆ ನೂರರಲ್ಲಿ ಒಂದು ಪಾಲೂ ಇಲ್ಲ. ಇರುವುದರಲ್ಲೂ ಸುದ್ದಿ, ಪ್ರಕಟಣೆ, ಅನುವಾದ ಬಹಳ. ಕೊನೆಗೌಡ ಬರುವ ವಾಕ್ಯ ಎಷ್ಟಿರಬಹುದು? "ಸವಾಲುಗಳನ್ನು ಎದುರಿಸುತ್ತಿದ್ದಾರೆ" ಅನ್ನುವುದು ಎಷ್ಟಿರಬಹುದು? ಜಾಸ್ತಿ ಕಂಡದ್ದರ ಕಡೆಗೇ ಯಂತ್ರ ವಾಲುತ್ತದೆ. ಇದರ ಮೇಲೆ ಇನ್ನೊಂದು ಹಂತದ ತರಬೇತಿ ಇರುತ್ತದೆ. ಯಾವ ಉತ್ತರ ಹಿಡಿಸಿತು ಅಂತ ಜನರನ್ನು ಕೇಳಿ, ಅದರ ಪ್ರಕಾರ ತಿದ್ದುತ್ತಾರೆ. ಹಾಗಾಗಿ ವಿನಯ, ಸಮತೋಲನ, ಕೊನೆಗೊಂದು ಭರವಸೆ ಎಲ್ಲ ತಾನಾಗಿ ಬರುತ್ತದೆ. ತೋಟದಲ್ಲಿ ಕಾಯಿ ಉದುರಿ ಬಿದ್ದಿರುವಾಗ ಆ ಬೆಳೆಗಾರರಿಗೆ ಭರವಸೆಯ ಮಾತು ಬೇಕಾಗಿರಲಿಲ್ಲ. ಅವರು ಕೇಳಲೂ ಇಲ್ಲ.

ಇದು ನನ್ನೊಬ್ಬನ ಅನಿಸಿಕೆ ಅಂದುಕೊಳ್ಳಬೇಡಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2025ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಭಾರತ ಮತ್ತು ಅಮೆರಿಕದ 118 ಜನರಿಗೆ ಇಂಗ್ಲಿಷಿನಲ್ಲಿ ಬರೆಯಲು ಹೇಳಿದರು. ಇಷ್ಟದ ಊಟ, ಇಷ್ಟದ ಹಬ್ಬ, ಇಂಥ ವಿಷಯಗಳು. ಕೆಲವರಿಗೆ ಎಐ ಸಲಹೆ ಕೊಡುತ್ತಿತ್ತು, ಕೆಲವರಿಗೆ ಇಲ್ಲ. ಊಟ ಅಂದರೆ ಪಿಜ್ಜಾ, ಹಬ್ಬ ಅಂದರೆ ಕ್ರಿಸ್‌ಮಸ್ ಅಂತ ಸಲಹೆ ಬರುತ್ತಿತ್ತು. ಸಲಹೆ ಪಡೆದವರಲ್ಲಿ ಎರಡೂ ದೇಶದವರ ಬರಹ ಒಂದಕ್ಕೊಂದು ಹತ್ತಿರ ಬಂತು. ಮುಖ್ಯವಾಗಿ ತಮ್ಮ ಜಾಗ ಬಿಟ್ಟು ಅಮೆರಿಕದವರ ಕಡೆಗೆ ಸರಿದವರು ಭಾರತದವರು. ನಮ್ಮವರು ಸಲಹೆ ಒಪ್ಪಿಕೊಂಡು, ಆಮೇಲೆ ಅದನ್ನು ತಿದ್ದುತ್ತಾ ಕೂರಬೇಕಾಯಿತು. ಹಾಗಾಗಿ ಅಮೆರಿಕದವರಿಗೆ ಸಿಕ್ಕಷ್ಟು ಅನುಕೂಲವೂ ಸಿಗಲಿಲ್ಲ. ಬೆಂಗಳೂರಿನ ಆಫೀಸುಗಳಲ್ಲಿ ಕೂತು ಇಂಗ್ಲಿಷಿನಲ್ಲಿ ಲಿಂಕ್ಡ್‌ಇನ್ ಪೋಸ್ಟ್ ಬರೆಯುವ ನಮ್ಮ ಹುಡುಗರು ಇದನ್ನು ಗಮನಿಸಬೇಕು.

ಇನ್ನೊಂದು ಅಧ್ಯಯನ 2023ರದ್ದು. ನನ್ನ ಮಟ್ಟಿಗೆ ಇದು ಹೆಚ್ಚು ಮುಖ್ಯ. ಸೋಶಿಯಲ್ ಮೀಡಿಯಾದಿಂದ ಸಮಾಜಕ್ಕೆ ಒಳ್ಳೆಯದಾ ಅಂತ 1,506 ಜನರಿಂದ ಬರೆಸಿದರು. ಒಂದು ಗುಂಪಿಗೆ ಒಳ್ಳೆಯದು ಅನ್ನುವ ಕಡೆ ವಾಲಿದ ಎಐ, ಇನ್ನೊಂದು ಗುಂಪಿಗೆ ಕೆಟ್ಟದ್ದು ಅನ್ನುವ ಕಡೆ ವಾಲಿದ ಎಐ. ಇನ್ನೊಂದು ಗುಂಪಿಗೆ ಎಐ ಇರಲೇ ಇಲ್ಲ. ಎಐ ವಾಲಿದ ಕಡೆಗೇ ಬರಹವೂ ವಾಲಿತು, ಅದು ಸಹಜ. ಬರೆದು ಮುಗಿಸಿದ ಮೇಲೆ ಬೇರೆಯಾಗಿ ಅವರ ಅಭಿಪ್ರಾಯ ಕೇಳಿದಾಗ ಅದೂ ಆ ಕಡೆಗೇ ವಾಲಿತ್ತು. ಯೋಚನೆ ಮಾಡಿ. ಬರೆಯುತ್ತಾ ಬರೆಯುತ್ತಾ ನಾವು ಏನು ನಂಬುತ್ತೇವೆ ಅನ್ನುವುದು ನಮಗೇ ಗೊತ್ತಾಗುತ್ತದೆ, ಅಲ್ವಾ? ಆ ಹೊತ್ತಿನಲ್ಲಿ ಪಕ್ಕದಲ್ಲಿ ಕೂತು ವಾಕ್ಯ ಹೇಳಿಕೊಡುವವರು ಸುಮ್ನೆ ಭಾಷೆ ತಿದ್ದುತ್ತಿರುವುದಿಲ್ಲ.

ಹಾಗಾದರೆ ಬಳಸುವುದು ಹೇಗೆ? ನಾನು ಮಾಡುವುದನ್ನು ಹೇಳುತ್ತೇನೆ. ನಿಮಗೆ ಹೊಂದಿದಷ್ಟು ತಗೊಳ್ಳಿ.

ಮೊದಲ ಕರಡು ನನ್ನದೇ ಆಗಿರಬೇಕು. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಟೈಪ್ ಮಾಡಲು ಕಷ್ಟ ಅನ್ನುವವರಿಗೆ ಫೋನಿನ ಕೀಬೋರ್ಡಿನಲ್ಲೇ ಮೈಕ್ ಇದೆ. ಕನ್ನಡ ಆರಿಸಿಕೊಂಡು ಮಾತಾಡಿದರೆ ಅಕ್ಷರ ಮೂಡುತ್ತದೆ. ತಪ್ಪು ಬೀಳುತ್ತದೆ, ಪರವಾಗಿಲ್ಲ. ಬರೆಯಲು ಕೂತಾಗ ಬಿಗಿಯಾಗುವ ಎಷ್ಟೋ ಜನ ಮಾತಾಡುವಾಗ ಸಲೀಸಾಗಿ ಹೇಳುತ್ತಾರೆ. ಮೇಷ್ಟ್ರು ಏನಂತಾರೋ ಅನ್ನುವ ಹೆದರಿಕೆ ಮಾತಿನಲ್ಲಿ ಇರುವುದಿಲ್ಲ. ನಮ್ಮ ತಾಯಂದಿರು ಇದನ್ನು ಬಳಸಿಕೊಂಡು ಅಡುಗೆ, ಹಾಡು, ಊರಿನ ಕಥೆ ಹೇಳಲು ಶುರು ಮಾಡಿದರೆ ಆನ್‌ಲೈನ್ ಕನ್ನಡದ ಚಹರೆಯೇ ಬದಲಾಗುತ್ತದೆ ಅಂತ ನನಗೆ ಬಲವಾದ ನಂಬಿಕೆ.

ಕರಡು ಆದ ಮೇಲೆ ಎಐ ಹತ್ತಿರ ಹೋಗಿ. "ಬರೆದುಕೊಡು", "ಚೆಂದ ಮಾಡು" ಅನ್ನಬೇಡಿ. ಪ್ರಶ್ನೆ ಕೇಳು ಅನ್ನಿ. ನಾನು ಕೊಡುವ ಸೂಚನೆ ಹೀಗಿರುತ್ತದೆ: "ಈ ಬರಹದ ಒಂದು ಪದವನ್ನೂ ಬದಲಿಸಬೇಡ. ಈ ವಿಷಯ ಗೊತ್ತಿಲ್ಲದ ಓದುಗರಿಗೆ ಎಲ್ಲಿ ಅರ್ಥವಾಗುವುದಿಲ್ಲ ಅಂತ ಮೂರು ಪ್ರಶ್ನೆ ಕೇಳು." ಆ ಬೆಳೆಗಾರರಿಗೂ ಇದನ್ನೇ ಮಾಡಿ ನೋಡಿ ಅಂದೆ. ಬಂದ ಪ್ರಶ್ನೆಗಳಲ್ಲಿ ಒಂದು ಹೀಗಿತ್ತು: ಮಳೆ ಬರುತ್ತಿರುವಾಗ ಔಷಧಿ ಹೊಡೆದರೆ ಅದು ನಿಲ್ಲುತ್ತದೆಯೇ? ಅವರಿಗೆ ಇದು ಹೇಳಬೇಕಾದ ಸಂಗತಿ ಅಂತಲೇ ಹೊಳೆದಿರಲಿಲ್ಲ, ಅಷ್ಟು ಗೊತ್ತಿದ್ದ ವಿಷಯ. ಅವರು ಸೇರಿಸಿದ್ದು: "ಅಂಟು ಹಾಕಿದರೂ ಸ್ವಲ್ಪ ಹೊತ್ತು ಮಳೆ ಹೊಳವಾಗಬೇಕು. ಆ ಹೊಳವು ಕಾಯ್ತಾ ಜಗಲೀಲಿ ಕೂತಿದೀನಿ." ಅಂಟು ಅಂದರೆ ಔಷಧಿ ಕಾಯಿಗೆ ಹಿಡಿದುಕೊಳ್ಳಲಿ ಅಂತ ಬೆರೆಸುವುದು, ಹೊಳವು ಅಂದರೆ ಮಳೆಯ ಬಿಡುವು. ಎಂಥ ಸಾಲು ನೋಡಿ. ಪ್ರಶ್ನೆ ಯಂತ್ರದ್ದು, ಸಾಲು ಅವರದು.

ಕಾಗುಣಿತಕ್ಕೆ ಧಾರಾಳವಾಗಿ ಬಳಸಿ. ಅಲ್ಪಪ್ರಾಣ ಮಹಾಪ್ರಾಣ, ಒತ್ತಕ್ಷರ, ಅ ಹ ಗೊಂದಲ, ಇಂಥದ್ದಕ್ಕೆ ನಾಚಿಕೊಂಡು ಬರೆಯುವುದನ್ನೇ ಬಿಟ್ಟವರು ನಮ್ಮಲ್ಲಿ ಬಹಳ. ಅವರಿಗೆ ಈ ಉಪಕರಣ ದೊಡ್ಡ ಉಪಕಾರ. ಆದರೆ ಪೂರ್ತಿ ತಿದ್ದಿದ ಪ್ರತಿ ತಗೊಳ್ಳಬೇಡಿ. "ತಪ್ಪುಗಳನ್ನು ಪಟ್ಟಿ ಮಾಡು, ತಿದ್ದುವುದು ನಾನು" ಅನ್ನಿ. ಯಾಕೆಂದರೆ ತಪ್ಪಿನ ಜೊತೆ ನಿಮ್ಮ ಊರಿನ ಮಾತನ್ನೂ ಅದು ಗುಡಿಸಿ ಹಾಕುತ್ತದೆ. ಹುಬ್ಬಳ್ಳಿಯವರು "ಹೋಗೂದು" ಅಂತ ಬರೆದರೆ ಅದು ತಪ್ಪಲ್ಲ. ಪಟ್ಟಿ ಕೈಯಲ್ಲಿದ್ದರೆ ಯಾವುದನ್ನು ಒಪ್ಪಬೇಕು, ಯಾವುದನ್ನು ಬಿಡಬೇಕು ಅನ್ನುವುದು ನಿಮ್ಮ ಕೈಯಲ್ಲೇ ಇರುತ್ತದೆ.

ಅಂಕಿ, ಅಳತೆಗೆ ಅದನ್ನೇ ನಂಬಿಕೊಳ್ಳಬೇಡಿ. ಕೊಳೆಗೆ ಹೊಡೆಯುವ ಔಷಧಿ, ಅಂದರೆ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ. ಬೆಳೆಗಾರರಿಗೆ ಇದು ಬಾಯಿಪಾಠ. ಯಂತ್ರ ತಪ್ಪು ಅಳತೆಯನ್ನೂ ಇಷ್ಟೇ ಧೈರ್ಯದಿಂದ ಹೇಳಬಲ್ಲದು. ಓದಿದ ಯಾರೋ ಅದರಂತೆ ಹೊಡೆದರೆ ಹಾಳಾಗುವುದು ಅವರ ತೋಟ, ಕೆಡುವುದು ನಿಮ್ಮ ಹೆಸರು.

ಇನ್ನು ಕೆಲವು ಬರಹಕ್ಕೆ ಎಐ ಬೇಡವೇ ಬೇಡ ಅನ್ನುತ್ತೇನೆ. 2023ರ ಫೆಬ್ರವರಿಯಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಗುಂಡಿನ ದಾಳಿ ಆಗಿ ಮೂವರು ವಿದ್ಯಾರ್ಥಿಗಳು ಸತ್ತರು. ವ್ಯಾಂಡರ್‌ಬಿಲ್ಟ್ ಅನ್ನುವ ಇನ್ನೊಂದು ವಿಶ್ವವಿದ್ಯಾಲಯದ ಒಂದು ವಿಭಾಗದಿಂದ ತಮ್ಮ ವಿದ್ಯಾರ್ಥಿಗಳಿಗೆ ಇಮೇಲ್ ಹೋಯಿತು. ಒಬ್ಬರಿಗೊಬ್ಬರು ಆಗೋಣ, ಎಲ್ಲರನ್ನೂ ಒಳಗೊಳ್ಳೋಣ ಅನ್ನುವ ಒಳ್ಳೆಯ ಮಾತುಗಳೇ. ಕೊನೆಯಲ್ಲಿ ಸಣ್ಣದಾಗಿ, ಇದು ಚಾಟ್‌ಜಿಪಿಟಿಯಿಂದ ಪಡೆದದ್ದು ಅಂತ ಇತ್ತು. ವಿದ್ಯಾರ್ಥಿಗಳು ನೊಂದುಕೊಂಡರು. ವಿಭಾಗ ಕ್ಷಮೆ ಕೇಳಬೇಕಾಯಿತು. ಸಾವಿನ ಮನೆಗೆ ಹೋದಾಗ ನಮಗೂ ಏನು ಮಾತಾಡಬೇಕು ಅಂತ ತೋಚುವುದಿಲ್ಲ. ಸುಮ್ಮನೆ ಹೋಗಿ ಕೂತುಕೊಳ್ಳುತ್ತೇವೆ, ಅದು ಅವರಿಗೆ ಸಾಕಾಗುತ್ತದೆ. ಆನ್‌ಲೈನ್‌ನಲ್ಲೂ ಒಂದು ಕುಂಟು ಸಾಲು ಸಾಕು. ಸತ್ತವರ ಬಗ್ಗೆ, ಕ್ಷಮೆ ಕೇಳುವಾಗ, ಗುರುಗಳ ಋಣ ನೆನೆಯುವಾಗ ನಿಮ್ಮ ಕೈಯಲ್ಲೇ ಬರೆಯಿರಿ.

ಇದು ಎಐ ಬರೆದದ್ದಾ ಅಂತ ಕಂಡುಹಿಡಿಯುವ ಸಾಫ್ಟ್‌ವೇರ್ ಬಗ್ಗೆ ಕೇಳುವವರಿದ್ದಾರೆ. ಬೇಗ ಹೇಳಿ ಮುಗಿಸುತ್ತೇನೆ. ಚಾಟ್‌ಜಿಪಿಟಿ ಮಾಡಿದ ಕಂಪನಿ ಓಪನ್‌ಎಐ ತಾನೇ ಮಾಡಿದ ಅಂಥದ್ದನ್ನು ನಿಖರತೆ ಸಾಲದು ಅಂತ 2023ರ ಜುಲೈನಲ್ಲಿ ನಿಲ್ಲಿಸಿತು. ಅದೇ ವರ್ಷ ಅಮೆರಿಕದ ವಿಶ್ವವಿದ್ಯಾಲಯವಾದ ಸ್ಟ್ಯಾನ್‌ಫರ್ಡ್‌ನವರು, ಇಂಗ್ಲಿಷ್ ತಾಯ್ನುಡಿ ಅಲ್ಲದವರು ಟೋಫೆಲ್ ಅನ್ನುವ ಇಂಗ್ಲಿಷ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಇಂಥ ಸಾಫ್ಟ್‌ವೇರ್‌ಗಳಿಗೆ ಕೊಟ್ಟು ನೋಡಿದರು. ಸರಾಸರಿ ಅರ್ಧಕ್ಕಿಂತ ಜಾಸ್ತಿ ಪ್ರಬಂಧಗಳನ್ನು ಅವು ಯಂತ್ರದ ಬರಹ ಅಂದವು. ಬರೆದದ್ದು ಮನುಷ್ಯರೇ. ಹಾಗಾಗಿ ಬೇರೆಯವರ ಬರಹದ ಮೇಲೆ ಅನುಮಾನ ಪಡುವ ಕೆಲಸಕ್ಕೆ ಇಳಿಯಬೇಡಿ. ಶಿಕ್ಷಕರಿಗೂ ಇದೇ ನನ್ನ ಬೇಡಿಕೆ. ಹುಡುಗರನ್ನು ಕೂರಿಸಿಕೊಂಡು ಮಾತಾಡಿಸಿ, ಗೊತ್ತಾಗುತ್ತದೆ.

ಕೊನೆಯದಾಗಿ ಕನ್ನಡಕ್ಕೇ ಸಂಬಂಧಪಟ್ಟ ಒಂದು ವಿಷಯ. ಇವತ್ತು ನಾವು ಆನ್‌ಲೈನ್‌ನಲ್ಲಿ ಹಾಕುವುದನ್ನು ನಾಳಿನ ಎಐ ಓದಿ ಕಲಿಯುತ್ತದೆ. 2024ರ ಜುಲೈನಲ್ಲಿ ನೇಚರ್ ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ ಒಂದು ಪ್ರಬಂಧ ಬಂತು. ಯಂತ್ರ ಬರೆದದ್ದನ್ನೇ ಯಂತ್ರಕ್ಕೆ ಮತ್ತೆ ಮತ್ತೆ ಓದಿಸಿದರೆ ಏನಾಗುತ್ತದೆ ಅಂತ ಅದನ್ನು ಬರೆದ ಸಂಶೋಧಕರು ನೋಡಿದ್ದರು. ಮೊದಲು ಮಾಯವಾಗುವುದು ಅಪರೂಪದ ಸಂಗತಿಗಳು. ಇಂಗ್ಲಿಷಿಗೆ ಬರಹದ ರಾಶಿ ಇದೆ, ಸ್ವಲ್ಪ ತಡೆದುಕೊಳ್ಳುತ್ತದೆ. ನಮ್ಮದು ಮೊದಲೇ ತೆಳುವಾದ ಪಾಲು. ಅದರ ಮೇಲೆ ನಾವೆಲ್ಲ "ಸವಾಲುಗಳನ್ನು ಎದುರಿಸುತ್ತಿದ್ದಾರೆ" ಅಂತಲೇ ಸುರಿಯುತ್ತಾ ಹೋದರೆ, ಮುಂದಿನ ಎಐಗೆ ಕನ್ನಡ ಅಂದರೆ ಅಷ್ಟೇ ಆಗಿಬಿಡುತ್ತದೆ. ನಮ್ಮ ಮಕ್ಕಳು ಅದನ್ನೇ ಕೇಳಿ ಬರೆಸಿಕೊಳ್ಳುತ್ತಾರೆ.

ಅದಕ್ಕೇ ನಿಮ್ಮ ಕೆಲಸದ ಒಳಗಿನದನ್ನು ಬರೆಯಿರಿ ಅಂತ ಕೇಳಿಕೊಳ್ಳುತ್ತೇನೆ. ಮಂಡ್ಯದ ಆಲೆಮನೆಯಲ್ಲಿ ಪಾಕದ ಹದ ನೋಡುವವರು, ಇಳಕಲ್ಲಿನಲ್ಲಿ ಸೀರೆಯ ಮೈಗೆ ಸೆರಗನ್ನು ಕೊಂಡಿ ಹಾಕಿ ಜೋಡಿಸುವವರು, ರಾತ್ರಿ ಪಾಳಿಯ ನರ್ಸ್, ಗ್ಯಾರೇಜಿನ ಹುಡುಗ, ದುಬೈನಲ್ಲಿ ಕೂತು ಊರಿನ ಜಾತ್ರೆಯ ವಿಡಿಯೋ ನೋಡುವವರು. ಏನು ಮಾಡುತ್ತೀರಿ, ಅದು ಕೆಟ್ಟಾಗ ಏನು ಬೈದುಕೊಳ್ಳುತ್ತೀರಿ, ಯಾರ ಮೇಲೆ ಮರುಕ ಬರುತ್ತದೆ, ಎಲ್ಲ ಬರೆಯಿರಿ. ಕಾಗುಣಿತದ ಪಟ್ಟಿಯನ್ನು ಎಐ ಮಾಡಿಕೊಡುತ್ತದೆ.

ಈಗ ನಿಮ್ಮ ಪ್ರಶ್ನೆಗಳಿಗೆ ಬರೋಣ. ಫೋನಿನಲ್ಲಿ ನೀವೇ ಬರೆದ ಏನಾದರೂ ಇದ್ದರೆ ಅದನ್ನೂ ತನ್ನಿ, ಜೊತೆಗೆ ಕೂತು ಓದೋಣ.