120 ಚಿನ್ನ ಕೈಲಿ, 180ರ ಕತ್ತಿ ಅಂಗಡೀಲಿ: ಹಳೇ ಧಾಟಿಯ ಜಪಾನಿ ಆರ್‌ಪಿಜಿ ಯಾಕೆ ಹಿಡಿಸುತ್ತೆ?

[ಪರದೆ: ಕಪ್ಪು ಹಿನ್ನೆಲೆ, ನಡುವೆ ಬಿಳಿ ಅಂಕಿಯಲ್ಲಿ 120]

ನಿಮ್ಮ ಕೈಲಿ 120 ಚಿನ್ನ ಇದೆ. ಅಂಗಡೀಲಿ ಬಿದಿರು ಕೋಲು 10, ದೊಣ್ಣೆ 60, ತಾಮ್ರದ ಕತ್ತಿ 180. ಊರಾಚೆ ಸ್ಲೈಮ್ ಅನ್ನೋ ಲೋಳೆಯಂಥ ಪುಟ್ಟ ಶತ್ರುಗಳು ಕಾಯ್ತಾ ಕೂತಿವೆ. ಏನು ತಗೋತೀರಿ?

1986ರಲ್ಲಿ ಜಪಾನಿನ ಫ್ಯಾಮಿಕಾಮ್ ಅನ್ನೋ ಟೀವಿ ಗೇಮ್ ಯಂತ್ರಕ್ಕೆ ಬಂದ ಮೊದಲನೇ ಡ್ರಾಗನ್ ಕ್ವೆಸ್ಟ್ ಶುರುವಾಗೋದು ಈ ಲೆಕ್ಕದಿಂದ್ಲೇ. ಇದು ಆರ್‌ಪಿಜಿ, ಅಂದ್ರೆ ನೀವೇ ಕಥೆಯ ಪಾತ್ರವಾಗಿ ಕಾದಾಡ್ತಾ ಬಲ ಬೆಳೆಸ್ಕೊಳ್ಳೋ ಆಟ. ಇಡೀ ಆಟ ಕೂತಿದ್ದು 64 ಕಿಲೋಬೈಟ್‌ನಲ್ಲಿ. ಇವತ್ತು ವಾಟ್ಸಾಪ್‌ನಲ್ಲಿ ಬರೋ ಒಂದು ಗುಡ್ ಮಾರ್ನಿಂಗ್ ಫೋಟೋನೇ ಅದಕ್ಕಿಂತ ದೊಡ್ಡದಿರುತ್ತೆ.

"ಇಂಥ ಹಳೇ ಆಟ ಹಿಡಿಸೋದೆಲ್ಲ ಬಾಲ್ಯದ ನೆನಪಿನ ಮೋಹ ಬಿಡ್ರಿ" ಅನ್ನೋರಿದ್ದಾರೆ. ಜಪಾನಿನವರಿಗೆ ಸರಿ. ದಾವಣಗೆರೆ, ದುರ್ಗದ ಕಡೆ ತೊಂಬತ್ತರ ದಶಕದಲ್ಲಿ ಟೀವಿ ಗೇಮ್ ಅಂದ್ರೆ ಮಾರಿಯೋ, ಕಾಂಟ್ರಾ. ಮಾತೆಲ್ಲ ಜಪಾನಿ ಭಾಷೇಲಿರೋ, ವಾರಗಟ್ಟಲೆ ಆಡಬೇಕಾದ ಆಟ ಇಲ್ಲಿಗೆ ಯಾರು ತರ್ತಾರೆ? ನೆನಪೇ ಇಲ್ಲದವರಿಗೂ ಇದು ಹಿಡಿಸ್ತಿದೆ ಅಂದ್ರೆ ಕಾರಣ ಬೇರೆ ಇದೆ. ಈ ಆಟಗಳ ಲೆಕ್ಕ ಕಣ್ಣಿಗೆ ಕಾಣುತ್ತೆ.

[ಪರದೆ: ಸ್ಲೈಮ್ ಚಿತ್ರ, ಪಕ್ಕದಲ್ಲಿ ಲೆಕ್ಕ ಒಂದೊಂದೇ ಸಾಲಾಗಿ ಮೂಡಲಿ]

ಆ ಮೊದಲನೇ ಆಟದ ಸೂತ್ರ ಇದು. ನಿಮ್ಮ ದಾಳಿ ಅಂಕಿಯಿಂದ ಶತ್ರುವಿನ ರಕ್ಷಣೆ ಅಂಕಿಯ ಅರ್ಧ ಕಳೀರಿ. ಉಳಿದಿದ್ದರ ಕಾಲು ಭಾಗದಿಂದ ಅರ್ಧ ಭಾಗದವರೆಗೆ ಎಷ್ಟಾದರೂ ಏಟು ಬೀಳಬಹುದು. ನಾಯಕನ ಬಲ 4 ಅಂತಿಟ್ಕೊಳ್ರಿ. ದೊಣ್ಣೆ ಸೇರಿದ್ರೆ 8. ಸ್ಲೈಮ್‌ನ ರಕ್ಷಣೆ 3, ಅರ್ಧ ಕಳೆದ್ರೆ ಉಳಿಯೋದು ಆರೂವರೆ. ಏಟು ಒಂದರಿಂದ ಮೂರು. ಸ್ಲೈಮ್‌ನ ಜೀವ 3. ಅಂದ್ರೆ ಒಂದೇಟಿಗೆ ಸತ್ರೂ ಸತ್ತಿತು, ಇಲ್ಲಾಂದ್ರೆ ತಿರುಗಿ ಹೊಡೀತು. ತಾಮ್ರದ ಕತ್ತಿ ಹಿಡಿದ್ರೆ ದಾಳಿ 14, ಏಟು ಮೂರರಿಂದ ಆರು. ಇನ್ನು ಸ್ಲೈಮ್ ತಿರುಗಿ ಹೊಡೆಯೋ ಮಾತೇ ಇಲ್ಲ.

ಕತ್ತಿ ಕೊಂಡ ಗಳಿಗೇಲಿ ಆಗೋ ಖುಷಿ ಇಲ್ಲಿಂದ ಬರುತ್ತೆ. ಈಗಿನ ದೊಡ್ಡ ಆಟಗಳಲ್ಲಿ 14,382 ಅಂತ ಏಟಿನ ಅಂಕಿ ಹಾರಿ ಹೋಗುತ್ತೆ. ಹೊಸ ಕತ್ತಿಯಿಂದ ಏನು ಬದಲಾಯ್ತು ಅಂತ ಯಾರಿಗೆ ಗೊತ್ತಾಗುತ್ತೆ?

ಇದೇ ಗುಣಾನ 2018ರ ಆಕ್ಟೋಪಾತ್ ಟ್ರಾವೆಲರ್ ಚೆನ್ನಾಗಿ ಬೆಳೆಸಿದೆ. ಶತ್ರು ಪಕ್ಕ ಗುರಾಣಿ, ಅದರ ಮೇಲೆ ಒಂದು ಅಂಕಿ. ಅದಕ್ಕೆ ತಡ್ಕೊಳ್ಳೋಕಾಗದ ಆಯುಧದಿಂದ ಹೊಡೆದಾಗೆಲ್ಲ ಅಂಕಿ ಒಂದೊಂದೇ ಇಳಿಯುತ್ತೆ. ಸೊನ್ನೆ ಮುಟ್ಟಿದ್ರೆ ಶತ್ರು ಆ ಸುತ್ತಿನ ಉಳಿದ ಸಮಯ ಮತ್ತು ಮುಂದಿನ ಸುತ್ತು ಪೂರ್ತಿ ಸುಮ್ಮನೆ ನಿಲ್ಲುತ್ತೆ, ಏಟೂ ಜಾಸ್ತಿ ತಿನ್ನುತ್ತೆ. ನಿಮ್ಮ ತಂಡದ ನಾಲ್ವರಲ್ಲಿ ಒಬ್ಬೊಬ್ಬರಿಗೂ ಸುತ್ತಿಗೊಂದು ಬೂಸ್ಟ್ ಅಂಕ, ಅಂದ್ರೆ ಏಟಿನ ಬಲ ಹೆಚ್ಚಿಸೋ ಅಂಕ, ಸಿಗುತ್ತೆ. ಐದರವರೆಗೆ ಕೂಡಿಡಬಹುದು, ಒಂದು ಸಲಕ್ಕೆ ಮೂರು ಖರ್ಚು ಮಾಡಬಹುದು. ಮೂರು ಹಾಕಿದ್ರೆ ಸಾದಾ ಏಟು ನಾಲ್ಕಾಗುತ್ತೆ.

ಹೊಸಬರು ಎಡವೋದು ಇಲ್ಲೇ. ಅಂಕ ಸಿಕ್ಕ ಸಿಕ್ಕಂಗೆ ಸುರೀತಾರೆ. ಬೂಸ್ಟ್ ಬಳಸಿದ ಮುಂದಿನ ಸುತ್ತಿಗೆ ಹೊಸ ಅಂಕ ಸಿಗಲ್ಲ ಅನ್ನೋದು ಮರೆತೇಹೋಗಿರುತ್ತೆ. ಗುರಾಣಿ ಮುರಿಯೋ ಕೆಲಸ ಇಬ್ಬರಿಗೆ ವಹಿಸ್ರಿ, ಉಳಿದಿಬ್ಬರು ಅಂಕ ಕೂಡಿಡಲಿ. ಮುರಿದ ಮೇಲೆ ಆ ಇಬ್ಬರ ಮೂರು ಮೂರು ಅಂಕ ಒಟ್ಟಿಗೆ ಬೀಳಲಿ.

ಇನ್ನೊಂದು, ಆಟ ನಿಮಗೋಸ್ಕರ ಕಾಯುತ್ತೆ. ಅಮ್ಮ ಕರೆದ್ರು, ಬಸ್ ಸ್ಟಾಪ್ ಬಂತು, ಪರವಾಗಿಲ್ಲ. ನೀವು ಆಜ್ಞೆ ಕೊಡೋವರೆಗೂ ರಾಕ್ಷಸ ಪಾಪ ನಿಂತೇ ಇರ್ತಾನೆ. ಕರೆಂಟ್ ಹೋದ್ರೆ ಮಾತ್ರ ಬೇರೆ ಕಥೆ, ಆಗಾಗ ಸೇವ್ ಮಾಡ್ಕೊಳ್ರಿ.

[ಪರದೆ: ನೀರಿನಾಚೆ ರಾಕ್ಷಸನ ಕೋಟೆ, ಆಮೇಲೆ ಹೆದ್ದಾರಿಯಿಂದ ಕಾಣೋ ದುರ್ಗದ ಗುಡ್ಡ]

ದಾವಣಗೆರೆಯಿಂದ ದುರ್ಗದ ಕಡೆ ಹೊರಟ್ರೆ ಗುಡ್ಡ, ಅದರ ಮೇಲಿನ ಗಾಳಿ ಫ್ಯಾನುಗಳು ದೂರದಿಂದ್ಲೇ ಕಾಣ್ತವೆ. ಆದ್ರೆ ಏಳು ಸುತ್ತಿನ ಕೋಟೆ ಹೊಕ್ಕ ಮೇಲೆ ನೇರ ದಾರಿ ಅನ್ನೋದಿಲ್ಲ. ಬಾಗಿಲು ದಾಟಿದ್ರೆ ತಿರುವು, ತಿರುವು ದಾಟಿದ್ರೆ ಇನ್ನೊಂದು ಬಾಗಿಲು. ಡ್ರಾಗನ್ ಕ್ವೆಸ್ಟ್‌ನ ಕೊನೇ ಕೋಟೆಯೂ ಹಂಗೇ, ಆಟ ಶುರುವಾದ ಜಾಗದಿಂದ್ಲೇ ನೀರಿನಾಚೆ ಕಾಣುತ್ತೆ. ಅಲ್ಲಿಗೆ ಸೇತುವೆ ಬೇಕಾದ್ರೆ ಇಡೀ ನಕ್ಷೆ ಸುತ್ತಬೇಕು. ದಾರಿ ತೋರಿಸೋ ಬಾಣದ ಗುರುತಿಲ್ಲ, ಊರಿನವರ ಮಾತು ಕಿವಿಗೊಟ್ಟು ಕೇಳಬೇಕು. ಸತ್ರೆ? ಅರ್ಧ ಚಿನ್ನ ಹೋಗುತ್ತೆ, ಕಾದಾಡಿ ಗಳಿಸಿದ, ನಾಯಕನ ಬಲ ಏರಿಸೋ ಅನುಭವದ ಅಂಕ ಪೂರ್ತಿ ಉಳಿಯುತ್ತೆ.

ಹಳೇದೆಲ್ಲ ಚಿನ್ನ ಅಂತಲ್ಲ. ಆ ಕತ್ತಿಗೆ ಕಮ್ಮಿ ಬಿದ್ದ 60 ಚಿನ್ನಕ್ಕೆ, ಒಂದೆರಡು ನಾಣ್ಯ ಕೊಡೋ ಸ್ಲೈಮ್‌ಗಳನ್ನ ಹತ್ತಾರು ಸಲ ಹೊಡೀಬೇಕಿತ್ತು. ಜಪಾನಿ ಆವೃತ್ತಿಯಲ್ಲಿ ಸೇವ್ ಬದಲು 20 ಅಕ್ಷರದ ಮಂತ್ರ ಬರ್ಕೋಬೇಕಿತ್ತು. ಎರಡನೇ ಭಾಗದಲ್ಲಿ ಅದು 52 ಅಕ್ಷರದವರೆಗೆ ಹೋಯ್ತು. ಒಂದಕ್ಷರ ತಪ್ಪಿ ಬರೆದ್ರೆ ಆಡಿದ್ದೆಲ್ಲ ನೀರಲ್ಲಿ ಹೋಮ.

ಈಗಿನ ಒಳ್ಳೇ ಆಟಗಳು ಈ ಕಾಟ ತೆಗೆದು ಲೆಕ್ಕ ಉಳಿಸಿಕೊಂಡಿವೆ. 2022ರ ಚೈನ್ಡ್ ಎಕೋಸ್‌ನಲ್ಲಿ ಅನುಭವದ ಲೆವೆಲ್ಲೇ ಇಲ್ಲ. ಬಾಸ್, ಅಂದ್ರೆ ದೊಡ್ಡ ಶತ್ರುವನ್ನ, ಸೋಲಿಸಿದಾಗ ಸಿಗೋ ಚೂರುಗಳಿಂದ ವಿದ್ಯೆ ಕಲೀತೀರಿ, ಪ್ರತಿ ಕಾಳಗ ಮುಗಿದ ಮೇಲೆ ಜೀವ ಪೂರ್ತಿ ತುಂಬುತ್ತೆ. ಹಳೇ ಫೈನಲ್ ಫ್ಯಾಂಟಸಿ ಆಟಗಳ ಹೊಸ ರೂಪವಾದ ಪಿಕ್ಸೆಲ್ ರೀಮಾಸ್ಟರ್‌ನ 2023ರ ಕನ್ಸೋಲ್ (ಟೀವಿ ಗೇಮ್ ಯಂತ್ರದ) ಆವೃತ್ತಿಯಲ್ಲಿ ಅನುಭವವನ್ನ ನಾಲ್ಕು ಪಟ್ಟಿನವರೆಗೆ ಏರಿಸಬಹುದು. ಶುರುವಿನಿಂದ್ಲೇ ನಾಲ್ಕಕ್ಕೆ ಇಡಬೇಡ್ರಿ, ಬಾಸ್‌ಗಳು ಉಫ್ ಅಂದ್ರೆ ಬಿದ್ದು ಮಜಾ ಕೆಡುತ್ತೆ.

[ಪರದೆ: ಒಂದೇ ಪಾತ್ರ ಎರಡು ಸಲ, ಎಡಕ್ಕೆ ಚೂಪಾಗಿ, ಬಲಕ್ಕೆ ಅಲುಗಾಡ್ತಾ]

ಕೊನೇದಾಗಿ ಪರದೆ ವಿಚಾರ. ಫ್ಯಾಮಿಕಾಮ್ ಆದ್ಮೇಲೆ ಬಂದ ಸೂಪರ್ ಫ್ಯಾಮಿಕಾಮ್ ಕಾಲದ ಚಿತ್ರ ಸಾಮಾನ್ಯವಾಗಿ 256 ಪಿಕ್ಸೆಲ್ (ಚುಕ್ಕೆ) ಅಡ್ಡ, 224 ಎತ್ತರ. 1080 ಸಾಲಿನ ಪರದೆ ಪೂರ್ತಿ ತುಂಬಿಸಿದ್ರೆ 4.82 ಪಟ್ಟು ಹಿಗ್ಗುತ್ತೆ. ಕೆಲವು ಪಿಕ್ಸೆಲ್‌ಗೆ 4 ಸಾಲು, ಕೆಲವಕ್ಕೆ 5. ಪಾತ್ರ ನಡೆದಾಗ ಮುಖ ನಡುಗಿದಂಗೆ ಕಾಣೋದು ಇದಕ್ಕೇ. ಸೆಟ್ಟಿಂಗ್‌ನಲ್ಲಿ ಇಂಟಿಜರ್ ಸ್ಕೇಲಿಂಗ್ (ಪೂರ್ಣ ಅಂಕಿಯಷ್ಟೇ ಪಟ್ಟು ಹಿಗ್ಗಿಸೋದು) ಇದ್ರೆ ಆನ್ ಮಾಡ್ರಿ. ನಾಲ್ಕು ಪಟ್ಟು, ಅಂದ್ರೆ 896 ಸಾಲಿಗೆ ನಿಲ್ಲುತ್ತೆ, ಮೇಲೆ ಕೆಳಗೆ 92 ಸಾಲು ಕಪ್ಪು ಪಟ್ಟಿ ಉಳಿಯುತ್ತೆ. 1366×768ರ ಲ್ಯಾಪ್‌ಟಾಪ್ ಆದ್ರೆ ಮೂರು ಪಟ್ಟು, ಅಂದ್ರೆ 672 ಸಾಲು. ಆಕ್ಟೋಪಾತ್ ಮಾತ್ರ ನೋಡೋಕೆ ಹಳೇದು, ಒಳಗಿರೋದು ಅನ್‌ರಿಯಲ್ ಎಂಜಿನ್ 4 ಅನ್ನೋ, ದೊಡ್ಡ ಆಟ ಕಟ್ಟೋ ತಂತ್ರಾಂಶ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್ ತಡವರಿಸಿದ್ರೆ ಮೊದಲು ರೆಸಲ್ಯೂಶನ್ ಇಳಿಸಿ ನೋಡ್ರಿ.